ಆಪರೇಷನ್ ಒಂದೇ ದಾರಿಯೇ?

ಸಂಡೂರು ತಾಲ್ಲೂಕಿನ ಚೋರನೂರು ಹೋಬಳಿಯ ಯಾವ ಹಳ್ಳಿಗೆ ಹೋಗಿ ‘ಆಪರೇಷನ್ ಆಯಿತೇ?’ ಎಂದು ಕೇಳಿದರೂ, ಯಾವ ಆಪರೇಷನ್ ಎಂದು ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಯಾರಿಗೆ ಎಂದೂ ಕೇಳುವುದಿಲ್ಲ. ಅದು ಹೆಂಗಸಿಗೇ ಆಗುವಂಥದ್ದು, ಎರಡನೆಯ ಅಥವಾ ಮೂರನೆಯ ಹೆರಿಗೆಯ ಬೆನ್ನಿಗೇ ಮುಗಿಯುವಂಥದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗೆ ಒಳಗಾದವರು. ಪುರುಷರ ಪಾಲು ಇಡೀ ದೇಶದಲ್ಲೇ ಶೇ 0.3, ನಮ್ಮ ರಾಜ್ಯದಲ್ಲಿ ಅದಕ್ಕಿಂತಲೂ ಕಡಿಮೆ.

ಈ ಶಸ್ತ್ರಚಿಕಿತ್ಸೆಯನ್ನು ನಾನು ವಿರೋಧಿಸುತ್ತಿಲ್ಲ. ಮಕ್ಕಳು ಸಾಕೆಂದು ತಾನೇ ತೀರ್ಮಾನಿಸಿದ ಹೆಣ್ಣಿಗೆ ಅದು ದೊಡ್ಡ ನೆಮ್ಮದಿ. ನನ್ನ ಪ್ರಶ್ನೆ ಬೇರೆ. ಆಯ್ಕೆ ಎಂಬ ಮಾತಿಗೆ ಅರ್ಥ ಬರಬೇಕಾದರೆ ಎದುರಿಗೆ ಒಂದಕ್ಕಿಂತ ಹೆಚ್ಚು ವಸ್ತುಗಳಿರಬೇಕು, ಪ್ರತಿಯೊಂದರ ಬೆಲೆಯೂ ಗೊತ್ತಿರಬೇಕು ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಗರ್ಭನಿರೋಧದ ವಿಷಯದಲ್ಲಿ ಆ ಬೆಲೆಯನ್ನು ದೇಹವೇ ತೆರಬೇಕು. ಅದನ್ನು ಹೇಳುವವರು ಮಾತ್ರ ಕಡಿಮೆ.

ಹೇಳುವವರಿಲ್ಲದ ಕಡೆ ವದಂತಿ ಹೇಳುತ್ತದೆ. ಗುಳಿಗೆ ನುಂಗಿದರೆ ರಕ್ತ ಕೆಡುತ್ತದೆ, ವಂಕಿ ಹೊಟ್ಟೆಯೊಳಗೆ ಮೇಲಕ್ಕೇರುತ್ತದೆ, ಸೂಜಿ ಹಾಕಿಸಿಕೊಂಡವಳು ಬಂಜೆಯಾಗುತ್ತಾಳೆ. ಈ ಮಾತುಗಳನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಪ್ರತಿಯೊಂದರ ಒಳಗೂ ಒಂದು ಕಾಳು ಸತ್ಯವಿದೆ.

ಗುಳಿಗೆಯನ್ನೇ ತೆಗೆದುಕೊಳ್ಳೋಣ. ಈಸ್ಟ್ರೋಜನ್ ಇರುವ ಗುಳಿಗೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದು ನಿಜ. ಎಷ್ಟು? ಗುಳಿಗೆ ನುಂಗದ, ಗರ್ಭಿಣಿಯೂ ಅಲ್ಲದ 10,000 ಮಹಿಳೆಯರಲ್ಲಿ ವರ್ಷಕ್ಕೆ 1ರಿಂದ 5 ಮಂದಿಗೆ ಹೀಗಾದರೆ, ನುಂಗುವವರಲ್ಲಿ 3ರಿಂದ 9 ಮಂದಿಗೆ ಆಗುತ್ತದೆ. ಆದರೆ ಗರ್ಭಿಣಿಯರಲ್ಲಿ ಈ ಸಂಖ್ಯೆ 5ರಿಂದ 20. ಹೆರಿಗೆಯ ನಂತರದ 12 ವಾರಗಳಲ್ಲಿ ಅದೇ ದರ 40ರಿಂದ 65ಕ್ಕೆ ಏರುತ್ತದೆ. ಬೇಡದ ಬಸಿರಿನ ಅಪಾಯವನ್ನು ಪಕ್ಕದಲ್ಲಿಡದೆ ಗುಳಿಗೆಯ ಅಪಾಯವನ್ನಷ್ಟೇ ಅಳೆಯುವುದು ಅರ್ಧ ಲೆಕ್ಕ. ಹಾಗೆಂದು ಎಲ್ಲರಿಗೂ ಹಂಚುವ ವಸ್ತುವೂ ಅದಲ್ಲ. ರಕ್ತದೊತ್ತಡ ಹೆಚ್ಚಿರುವವರಿಗೆ, ಕಣ್ಣು ಮಂಜಾಗಿ ಅರೆತಲೆನೋವು ಬರುವವರಿಗೆ, ಆರು ತಿಂಗಳೊಳಗಿನ ಕೂಸಿಗೆ ಎದೆಹಾಲು ಕೊಡುವವರಿಗೆ ಅದು ಸಲ್ಲದು. ಇದನ್ನು ತಿಳಿಯಲು ಬೇಕಾದುದು ಒಂದು ಬಿ.ಪಿ. ಯಂತ್ರ, ನಾಲ್ಕು ಪ್ರಶ್ನೆ, ಹತ್ತು ನಿಮಿಷ.

ವಂಕಿಯ ಕಥೆ ಇನ್ನೂ ಬೋಧಪ್ರದವಾದುದು. 1965ರಲ್ಲಿ ಲೂಪ್ ಬಂದಾಗ ಅದೇ ದೇಶದ ಜನಸಂಖ್ಯೆಗೆ ಮದ್ದು ಎಂದು ನಂಬಲಾಗಿತ್ತು. ಹಾಕುವ ಉತ್ಸಾಹ ಇದ್ದಷ್ಟು, ಹಾಕಿದ ಮೇಲೆ ರಕ್ತಸ್ರಾವವಾದವರನ್ನು ವಿಚಾರಿಸುವ ಉತ್ಸಾಹ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಜನ ಅದರಿಂದ ದೂರ ಸರಿದರು. ಇಂದಿನ ಕಾಪರ್-ಟಿ 380ಎ ಹತ್ತು ವರ್ಷ ಕೆಲಸ ಮಾಡುತ್ತದೆ, ಬೇಡವಾದಾಗ ತೆಗೆಸಬಹುದು, ಹಾರ್ಮೋನಿನ ಗೊಡವೆಯಿಲ್ಲ. ಹಾಕುವಾಗ ಗರ್ಭಕೋಶಕ್ಕೆ ರಂಧ್ರವಾಗುವುದು ಸುಮಾರು ಸಾವಿರಕ್ಕೊಂದು. ಆದರೆ ಮುಟ್ಟಿನ ಸ್ರಾವವನ್ನು ಅದು ಹೆಚ್ಚಿಸುತ್ತದೆ. ಕರ್ನಾಟಕದ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಮೇಲೆ ಹೇಳಿದ ಸಮೀಕ್ಷೆಯೇ ಹೇಳುತ್ತದೆ. ಹಿಮೋಗ್ಲೋಬಿನ್ ನೋಡದೆ, ಕಬ್ಬಿಣಾಂಶದ ಮಾತ್ರೆ ಕೊಡದೆ ವಂಕಿ ಹಾಕಿದರೆ ಅವಳು ಮೂರನೆಯ ತಿಂಗಳಿಗೆ ತೆಗೆಸಲು ಬರುತ್ತಾಳೆ. ಊರಿಗೆ ಹೋಗಿ ಹತ್ತು ಮಂದಿಗೆ ಹೇಳುತ್ತಾಳೆ. ಕಬ್ಬಿಣದ ಅದಿರನ್ನು ಸಾಗರದಾಚೆಗೆ ಕಳಿಸಿದ ತಾಲ್ಲೂಕಿನ ಹೆಂಗಸರ ರಕ್ತದಲ್ಲಿ ಕಬ್ಬಿಣವಿಲ್ಲ ಎಂಬುದನ್ನು ಇಲ್ಲಿ ಬರೆಯದೆ ಇರಲಾರೆ.

2017ರಲ್ಲಿ ಸರ್ಕಾರ ‘ಅಂತರ’ ಚುಚ್ಚುಮದ್ದನ್ನೂ, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ, ಕೆಲ ಕಾಲದ ಬಳಿಕ ವಾರಕ್ಕೊಮ್ಮೆ ನುಂಗಿದರೆ ಸಾಕಾಗುವ ‘ಛಾಯಾ’ ಗುಳಿಗೆಯನ್ನೂ ಕಾರ್ಯಕ್ರಮಕ್ಕೆ ಸೇರಿಸಿತು. ಅಂತರ ಮೂರು ತಿಂಗಳಿಗೊಮ್ಮೆ. ಮುಟ್ಟು ಏರುಪೇರಾಗುತ್ತದೆ, ಎಷ್ಟೋ ಜನರಿಗೆ ನಿಂತೇಹೋಗುತ್ತದೆ. ಮುಟ್ಟು ನಿಂತಿತೆಂದರೆ ಬಸಿರು ಎಂದೋ ಕೆಟ್ಟ ರಕ್ತ ಒಳಗೇ ಉಳಿಯಿತೆಂದೋ ಗಾಬರಿ. ನಿಲ್ಲಿಸಿದ ಮೇಲೆ ಮತ್ತೆ ಗರ್ಭ ನಿಲ್ಲಲು ಹಲವು ತಿಂಗಳು ತಡವಾಗಬಹುದು. ‘ಬಂಜೆ’ ಎಂಬ ವದಂತಿಯ ಮೂಲ ಇದೇ. ದೀರ್ಘಕಾಲ ಬಳಸಿದರೆ ಮೂಳೆಯ ಸಾಂದ್ರತೆ ತಗ್ಗುತ್ತದೆ, ಬಿಟ್ಟ ಮೇಲೆ ಬಹುಮಟ್ಟಿಗೆ ಮರಳುತ್ತದೆ. ಇವನ್ನೆಲ್ಲ ಮೊದಲೇ ಹೇಳಿದ್ದರೆ ಭಯಕ್ಕೆ ಎಡೆಯಿಲ್ಲ. ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ಸುಗ್ಗಿ ಮುಗಿಯುತ್ತಲೇ ಕಬ್ಬಿನ ಕಟಾವಿಗೋ ಕಟ್ಟಡದ ಕೆಲಸಕ್ಕೋ ಗುಳೆ ಹೋಗುವ ಕುಟುಂಬಗಳಿವೆ. ಮುಂದಿನ ಸೂಜಿಯ ದಿನ ಆಕೆ ಎಲ್ಲಿರುತ್ತಾಳೆ? ನಾಲ್ಕು ವಾರ ತಡವಾದರೂ ಹಾಕಿಸಿಕೊಳ್ಳಬಹುದೆಂಬ ಸಂಗತಿ ಆಕೆಗೆ ಗೊತ್ತಿದೆಯೇ? ‘ಆಗ ಎಲ್ಲಿರ್ತೀಯವ್ವಾ?’ ಎಂದು ಕೇಳಿ ಆ ಊರಿನ ಆಸ್ಪತ್ರೆಗೆ ಚೀಟಿ ಬರೆದುಕೊಡುವುದು ವೈದ್ಯಶಾಸ್ತ್ರವಲ್ಲ, ಆಡಳಿತ.

ಇನ್ನು ಆಪರೇಷನ್. ನಾನು ಸೇವೆಗೆ ಸೇರಿದ ಕಾಲದಲ್ಲಿ ತಿಂಗಳ ಪ್ರಗತಿ ಪರಿಶೀಲನಾ ಸಭೆಯಲ್ಲಿ ಕಂದಾಯ ವಸೂಲಿಯ ಪಕ್ಕದಲ್ಲೇ ಇದರ ‘ಗುರಿ–ಸಾಧನೆ’ ಪಟ್ಟಿ ಇರುತ್ತಿತ್ತು. 1996ರಲ್ಲಿ ಗುರಿ ಪದ್ಧತಿ ರದ್ದಾಯಿತು. ಅದರ ಅಭ್ಯಾಸ ರದ್ದಾಗಲಿಲ್ಲ. 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸಪುರ ಜಿಲ್ಲೆಯ ಶಿಬಿರವೊಂದರಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ನಡೆದು ಹನ್ನೆರಡಕ್ಕೂ ಹೆಚ್ಚು ಮಂದಿ ಸತ್ತರು. 2016ರಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಆದೇಶಿಸಿತು. ದೂರದ ಮಾತೇಕೆ, 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ನಂತರ ಬಾಣಂತಿಯರು ಸತ್ತು, ಶಿರೆಗೆ ಕೊಡುವ ದ್ರಾವಣದ ಮೇಲೆಯೇ ಅನುಮಾನ ಬಂದುದನ್ನು ನಾವು ಮರೆತಿಲ್ಲ. ಶಸ್ತ್ರಚಿಕಿತ್ಸೆ ಎಂದಮೇಲೆ ಅದರ ಸುರಕ್ಷತೆ ವೈದ್ಯರ ಕೈಚಳಕವನ್ನಷ್ಟೇ ಅವಲಂಬಿಸಿರುವುದಿಲ್ಲ.

ಇದೆಲ್ಲಕ್ಕಿಂತ ಸರಳವಾದ ಶಸ್ತ್ರಚಿಕಿತ್ಸೆಯೊಂದಿದೆ, ಅದು ಗಂಡಸರದ್ದು. ಹೊಟ್ಟೆ ಕೊಯ್ಯುವಂತಿಲ್ಲ, ಹೊಲಿಗೆಯೂ ಬೇಡ, ಸ್ಥಳೀಯ ಅರಿವಳಿಕೆ ಸಾಕು. ಟ್ಯುಬೆಕ್ಟಮಿ 200ರಲ್ಲಿ ಒಬ್ಬರಿಗೆ ವಿಫಲವಾದರೆ ವ್ಯಾಸೆಕ್ಟಮಿ 2,000ದಲ್ಲಿ ಒಬ್ಬರಿಗೆ. ಕೆಲವರಿಗೆ ನೋವು ಬಹುಕಾಲ ಉಳಿಯುವುದುಂಟು. ಮೂರು ತಿಂಗಳು ಬೇರೆ ಎಚ್ಚರಿಕೆ ವಹಿಸಿ, ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ತುರ್ತು ಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳಾದವು, ಬಹುಪಾಲು ಗಂಡಸರಿಗೆ, ಬಹಳಷ್ಟು ಬಲವಂತದಿಂದ. ಸರ್ಕಾರಗಳು ಅದರಿಂದ ಕಲಿತ ಪಾಠ ವಿಚಿತ್ರವಾದುದು: ಬಲವಂತ ಬಿಡಬೇಕೆಂದಲ್ಲ, ಗಂಡಸರ ತಂಟೆಗೆ ಹೋಗಬಾರದೆಂದು.

1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದ ಕೀರ್ತಿ ಮೈಸೂರು ಸಂಸ್ಥಾನದ್ದು. (ಸಂಡೂರು ಆಗ ಘೋರ್ಪಡೆ ಅರಸರ ಬೇರೆಯೇ ಸಂಸ್ಥಾನ.) 2019–21ರ ವೇಳೆಗೇ ರಾಜ್ಯದ ಒಟ್ಟು ಫಲವಂತಿಕೆ ದರ 1.7ಕ್ಕೆ ಇಳಿದಿತ್ತು. ಜನಸಂಖ್ಯಾ ಸ್ಫೋಟದ ನೆಪ ಉಳಿದಿಲ್ಲ. ಆದ್ದರಿಂದ ಚೋರನೂರಿನಂಥ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗೋಡೆಯ ಮೇಲೆ ಎಷ್ಟು ಆಪರೇಷನ್ ಆಯಿತೆಂಬ ಅಂಕಿಯ ಬದಲು ಬೇರೆ ಮೂರು ಅಂಕಿಗಳನ್ನು ಬರೆಸಲಿ: ವಂಕಿ, ಸೂಜಿ, ಗುಳಿಗೆಯ ತೊಂದರೆ ಹೇಳಿಕೊಂಡು ಮರಳಿ ಬಂದವರೆಷ್ಟು, ಅವರಲ್ಲಿ ಚಿಕಿತ್ಸೆ ಸಿಕ್ಕವರೆಷ್ಟು, ಆ ತಿಂಗಳು ಹೆಂಡತಿಯ ಬದಲು ತಾನೇ ಬಂದ ಗಂಡಸರೆಷ್ಟು.