ಓಡುವ ವಸ್ತು ಬಿಸಿಯೋ, ತಣ್ಣಗೋ?

ಸಾಪೇಕ್ಷತಾ ಸಿದ್ಧಾಂತ ಎಂದೊಡನೆ ‘ಎಲ್ಲವೂ ನೋಡುವವರನ್ನು ಅವಲಂಬಿಸಿದೆ’ ಎಂಬ ಮಾತು ತೇಲಿಬರುತ್ತದೆ. ಓಡುವ ಗಡಿಯಾರ ನಿಧಾನ, ಓಡುವ ಕೋಲು ಗಿಡ್ಡ. ಅಂದಮೇಲೆ ಓಡುವ ವಸ್ತುವಿನ ತಾಪಮಾನವೂ ಬದಲಾಗಲೇಬೇಕು ಎಂಬುದು ಇದರ ಮುಂದುವರಿಕೆ. ಇದು ಅವಸರದ ತೀರ್ಮಾನ. ತಾಪಮಾನಕ್ಕೆ ಅಂಥ ಸೂತ್ರವೇ ಇಲ್ಲ.

ಸೂತ್ರ ಹುಡುಕಿದವರೇನೂ ಸಾಮಾನ್ಯರಲ್ಲ. 1907ರ ಸುಮಾರಿಗೆ ಪ್ಲಾಂಕ್ ಮತ್ತು ಐನ್‌ಸ್ಟೈನ್, ಚಲಿಸುವ ವಸ್ತು ತಣ್ಣಗಾಗುತ್ತದೆ ಎಂದರು. 1963ರಲ್ಲಿ ಪ್ರಕಟವಾದ ಹೈನ್ರಿಖ್ ಒಟ್ ಅವರ ಲೇಖನ, ಇಲ್ಲ, ಬಿಸಿಯಾಗುತ್ತದೆ ಎಂದು ವಾದಿಸಿತು. ಅದಕ್ಕೂ ಹತ್ತು ವರ್ಷ ಮೊದಲೇ, ಭೌತವಿಜ್ಞಾನಿ ಲಾವೆಗೆ ಬರೆದ ಪತ್ರಗಳಲ್ಲಿ, ಸ್ವತಃ ಐನ್‌ಸ್ಟೈನ್ ತಮ್ಮ ಹಳೆಯ ನಿಲುವಿನಿಂದ ಸರಿದಿದ್ದರು. ಗಣಿತದಲ್ಲಿ ಯಾರೂ ಎಡವಿರಲಿಲ್ಲ. ಚಲಿಸುವ ವಸ್ತುವಿಗೆ ಶಾಖ ಸೇರಿದರೆ ಅದರ ಸಂವೇಗವೂ ಬದಲಾಗುತ್ತದೆ. ಸಂವೇಗದ ಬದಲಾವಣೆಗೆ ಸೇರಿದ ಶಕ್ತಿಯ ಪಾಲನ್ನು ಶಾಖವೆನ್ನಬೇಕೋ ಕೆಲಸವೆನ್ನಬೇಕೋ ಎಂಬಲ್ಲಿ ದಾರಿ ಕವಲೊಡೆಯಿತು.

1966ರಲ್ಲಿ ಪೀಟರ್ ಲ್ಯಾಂಡ್ಸ್‌ಬರ್ಗ್ ಮಂಡಿಸಿದ ಮೂರನೆಯ ಪಕ್ಷಕ್ಕೆ ಹೆಚ್ಚು ತೂಕವಿದೆ: ತಾಪಮಾನ ಬದಲಾಗುವುದೇ ಇಲ್ಲ. ಸಮಾನ ತಾಪಮಾನದ ಎರಡು ವಸ್ತುಗಳು ಪಕ್ಕದಲ್ಲೇ ಹಾದುಹೋದರೆ, ಪ್ಲಾಂಕ್ ಸೂತ್ರದ ಪ್ರಕಾರ ಪ್ರತಿಯೊಂದರ ಲೆಕ್ಕದಲ್ಲೂ ಇನ್ನೊಂದು ತಣ್ಣಗಿರುತ್ತದೆ. ಹಾಗಾದರೆ ಶಾಖ ಯಾವ ಕಡೆಗೆ ಹರಿಯಬೇಕು? ಮಂಜುಗಡ್ಡೆ ಕರಗಿತೋ ಇಲ್ಲವೋ ಎಂಬುದು ಯಾರು ಎಷ್ಟು ವೇಗದಲ್ಲಿ ಹೋದರೂ ಬದಲಾಗದ ಸಂಗತಿ.

ಆದರೆ ದೂರದ ವಸ್ತುವಿಗೆ ಥರ್ಮಾಮೀಟರ್ ಇಡಲಾಗದು. ಅದರ ವಿಕಿರಣವನ್ನೇ ಓದಬೇಕು. ತೊಡಕು ಹುಟ್ಟುವುದೇ ಇಲ್ಲಿ. ಇಡೀ ವಿಶ್ವವನ್ನು ತುಂಬಿರುವ ಸೂಕ್ಷ್ಮತರಂಗ ವಿಕಿರಣದ ತಾಪಮಾನ 2.725 ಕೆಲ್ವಿನ್. ಅದರೊಳಗೆ ಸೂರ್ಯ, ಜೊತೆಗೆ ಭೂಮಿ, ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿವೆ. ಪರಿಣಾಮವಾಗಿ, ಸಾಗುವ ದಿಕ್ಕಿನಲ್ಲಿ, ಸಿಂಹರಾಶಿಯ ಬಳಿ, ಆಕಾಶ ಸುಮಾರು 3.36 ಮಿಲಿಕೆಲ್ವಿನ್ ಹೆಚ್ಚು ಬಿಸಿ. ಬೆನ್ನ ಹಿಂದೆ ಅಷ್ಟೇ ಕಡಿಮೆ. ನಡುವೆ ಎಲ್ಲ ಅಂಕಿಗಳೂ ಇವೆ. ಒಂದೊಂದು ದಿಕ್ಕಿನಲ್ಲೂ ವಿಕಿರಣ ಪ್ಲಾಂಕ್ ವಿತರಣೆಗೆ, ಅಂದರೆ ಒಂದೇ ತಾಪಮಾನದ ವಿಕಿರಣದ ಮಾದರಿಗೆ, ಹೊಂದುತ್ತದೆ. ಎಲ್ಲ ದಿಕ್ಕುಗಳನ್ನೂ ಕೂಡಿಸಿದರೆ ಹೊಂದುವುದಿಲ್ಲ. ಇದರಲ್ಲಿ ಯಾವ ಒಂದು ಅಂಕಿಯನ್ನು ಚಲಿಸುವ ವೀಕ್ಷಕನ ಪಾಲಿನ ತಾಪಮಾನವೆಂದು ಆರಿಸುವುದು? ಆರಿಸಲಾಗದು. 1996ರಲ್ಲಿ ಲ್ಯಾಂಡ್ಸ್‌ಬರ್ಗ್ ಅವರೇ ಜಾರ್ಜ್ ಮಾಟ್ಸಾಸ್ ಜೊತೆಗೂಡಿ, ಎಲ್ಲ ಸಂದರ್ಭಕ್ಕೂ ಒಪ್ಪುವ ರೂಪಾಂತರ ಸೂತ್ರ ಸಾಧ್ಯವಿಲ್ಲವೆಂದು ತೋರಿಸಿದರು.

ತಾಪಮಾನ ಎಂಬುದು ಸಮತೋಲನದ ಅಳತೆ. ವಸ್ತು ನಿಶ್ಚಲವಾಗಿರುವ ಚೌಕಟ್ಟಿನಲ್ಲೇ ಅದಕ್ಕೆ ಸ್ಪಷ್ಟ ಅರ್ಥ. ಕಣಭೌತ ಪ್ರಯೋಗಾಲಯವಾದ ಸರ್ನ್‌ನಲ್ಲಿ ಸೀಸದ ಪರಮಾಣು ಬೀಜಗಳನ್ನು ಡಿಕ್ಕಿ ಹೊಡೆಸಿ ಹುಟ್ಟಿಸುವ ಕ್ವಾರ್ಕ್ ದ್ರವಕ್ಕೆ ವಿಜ್ಞಾನಿಗಳು ಅನುಸರಿಸುವ ಕ್ರಮವೂ ಇದೇ: ದ್ರವದ ಪ್ರತಿ ತುಣುಕಿಗೂ ಅದರದೇ ಚೌಕಟ್ಟಿನ ತಾಪಮಾನ, ಬೇರೆಯಾಗಿ ಅದರ ವೇಗ. ಉಬ್ಬುತ್ತಿರುವ ದ್ರವದಿಂದ ಸಿಡಿದ ಫೋಟಾನುಗಳು ಹೆಚ್ಚು ಬಿಸಿಯಾಗಿ ಕಂಡಾಗ, ಆ ಹೆಚ್ಚುವರಿಯನ್ನು ಡಾಪ್ಲರ್ ಪರಿಣಾಮದ ಲೆಕ್ಕಕ್ಕೆ ಸೇರಿಸುತ್ತಾರೆ.