ರಾಮ ನಾಯಕರು ನಮ್ಮ ಹೆಮ್ಮೆ, ಚಾ ಕೊಡುವ ಹುಡುಗ ಹೊರಗಿನವನಾ?

(1/5)
ಎ. ರಾಮ ನಾಯಕರ ಹೆಸರು ಕೇಳಿದ್ದೀರಾ? ಹೆಸರು ಗೊತ್ತಿಲ್ಲದಿದ್ರೂ ಹೋಟೆಲ್ ಗೊತ್ತಿರ್ತದೆ. ಮುಂಬಯಿಯ ಮಾಟುಂಗಾ ಸ್ಟೇಷನ್ ಎದುರು, ಮಾರ್ಕೆಟ್ ಕಟ್ಟಡದ ಮೊದಲ ಮಹಡಿಯಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಿಂದ ಉಂಟು. ಬಾಳೆಲೆ ಊಟ. ನಮ್ಮ ಊರಿನವರು ಆ ಕಡೆ ಹೋದ್ರೆ ಅಲ್ಲಿ ಒಂದು ಫೋಟೋ ತೆಗೀದೆ ಬರುವುದಿಲ್ಲ. ಮುಂಬಯಿಯ ಉಡುಪಿ ಹೋಟೆಲುಗಳ ಪಿತಾಮಹ ಅಂತ ನಾಯಕರನ್ನು ಕರೆಯುವವರಿದ್ದಾರೆ. ಕರೀಲಿ, ಸರಿಯೇ. ಬರ್ಮಾ ಜಪಾನಿನ ಕೈಗೆ ಹೋಗಿ ಅಲ್ಲಿಂದ ಬರುವ ಅಕ್ಕಿ ನಿಂತ ವರ್ಷ ಅದು. ಅಂಥ ವರ್ಷದಲ್ಲಿ ಅನ್ನದ ಹೋಟೆಲ್ ತೆರೆಯಲಿಕ್ಕೆ ಧೈರ್ಯ ಬೇಕು ಮಾರಾಯ್ರೆ.

ಆದ್ರೆ ಅವರ ಬಗ್ಗೆ ಬರುವ ರೀಲ್‌ಗಳು ಒಂದು ವಾಕ್ಯವನ್ನು ಮಾತ್ರ ಓಡಿಸಿಕೊಂಡು ಹೋಗ್ತವೆ. "ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದರು." ಎರಡು ಸೆಕೆಂಡು, ಆಮೇಲೆ ಸೀದಾ ಸಾಂಬಾರಿನ ಕ್ಲೋಸಪ್. ನಾನು ಇವತ್ತು ಆ ವಾಕ್ಯದಲ್ಲೇ ನಿಲ್ತೇನೆ.

(2/5)
ಆಗ ಕರ್ನಾಟಕ ಅನ್ನುವ ರಾಜ್ಯವೇ ಇರಲಿಲ್ಲ. ಉಡುಪಿ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ. ಮುಂಬಯಿ ಅಂದ್ರೆ ಬೇರೆ ಪ್ರಾಂತ್ಯ, ಬೇರೆ ಭಾಷೆ, ಬೇರೆ ಊಟ. ಕರಾವಳಿ ಹಿಡಿದು ಮುಂಬಯಿಗೆ ಹೋಗುವ ರೈಲೂ ಇಲ್ಲ. ಕೊಂಕಣ ರೈಲು ಪೂರ್ತಿ ಓಡಿದ್ದೇ 1998ರಲ್ಲಿ. ಎಷ್ಟೋ ಜನ ಹಡಗು ಹತ್ತಿ ಹೋದರು. ಹೋದವರಲ್ಲಿ ಮೀಸೆ ಬಾರದ ಹುಡುಗರು ಬಹಳ. ಲೋಟ ತೊಳೆಯುವುದು, ಹಿಟ್ಟು ರುಬ್ಬುವುದು, ಮೇಜು ಒರೆಸುವುದು. ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಮೇಜಿನ ಮೇಲೆ ನಿದ್ರೆ. ನಾಯಕರೂ ಗಲ್ಲಾದಲ್ಲಿ ಹುಟ್ಟಿದವರಲ್ಲ, ಅಡುಗೆಮನೆಯಿಂದ ಮೇಲೆ ಬಂದವರು.

"ಹೋಟೆಲ್ ಮಾಣಿ" ಅಂತೇವಲ್ಲ, ಮಾಣಿ ಅಂದ್ರೆ ನಮ್ಮ ಕಡೆ ಹುಡುಗ ಅಂತ, ಅಷ್ಟೇ. ಆ ಕೆಲಸ ಹುಡುಗರೇ ಮಾಡ್ತಿದ್ದದ್ದರಿಂದ ಶಬ್ದ ಕೆಲಸಕ್ಕೇ ಅಂಟಿಕೊಂಡಿತು. ಹಗಲು ಹೋಟೆಲು, ರಾತ್ರಿ ಕನ್ನಡದ ರಾತ್ರಿಶಾಲೆ, ತಿಂಗಳಿಗೊಮ್ಮೆ ಊರಿಗೆ ಮನಿಯಾರ್ಡರ್. ನಿಮ್ಮ ತರವಾಡು ಮನೆಗೆ ಹೆಂಚು ಬಂದದ್ದು ಎಲ್ಲಿಯ ದುಡ್ಡಿನಿಂದ ಅಂತ ಅಜ್ಜಿ ಹತ್ರ ಒಮ್ಮೆ ಕೇಳಿ.

ಇದನ್ನು ಚಂದ ಮಾಡಿ ಹೇಳುವುದೂ ಬೇಡ. ಮಕ್ಕಳು ದುಡಿದ ದುಡಿಮೆ ಅದು. ಉಡುಪಿ ಹೋಟೆಲುಗಳ ಚರಿತ್ರೆಯಲ್ಲಿ ಜಾತಿಯೂ ಉಂಟು, ಯಾರು ಎಲ್ಲಿ ಕೂರಬೇಕು ಅನ್ನುವುದೂ ಉಂಟು. ಅದಕ್ಕೆ ಒಂದು ಪೋಸ್ಟ್ ಸಾಲದು, ಬೇರೆಯೇ ಬರೀತೇನೆ.

(3/5)
ಈಗ 1966ಕ್ಕೆ ಬನ್ನಿ. ನಾಯಕರ ಬೋರ್ಡಿಂಗ್ ಶುರುವಾಗಿ ಆಗಲೇ 24 ವರ್ಷ. ಆ ವರ್ಷ ಜೂನ್‌ನಲ್ಲಿ ಶಿವಸೇನೆ ಹುಟ್ಟಿತು. ಅದರ ಮೊದಲ ಗುರಿ ಯಾರು ಗೊತ್ತುಂಟಾ? ನಾವು. ದಕ್ಷಿಣದವರು ಬಂದು ಮರಾಠಿ ಹುಡುಗರ ಕೆಲಸ ಕಿತ್ತುಕೊಂಡರು ಅನ್ನುವುದು ದೂರು. "ಲುಂಗಿ ಹಟಾವೋ, ಪುಂಗಿ ಬಜಾವೋ" ಅನ್ನುವುದು ಘೋಷಣೆ. ನಮ್ಮ ಮಾತನ್ನು "ಯಂಡುಗುಂಡು" ಅಂತ ಅಣಕಿಸಿದರು. ಅದು ತುಳುವಾ, ಕನ್ನಡವಾ, ಕೊಂಕಣಿಯಾ, ತಮಿಳಾ ಅಂತ ಯಾರೂ ಕೇಳಲಿಲ್ಲ, ಎಲ್ಲರೂ ಮದ್ರಾಸಿಗಳೇ. ಉಡುಪಿ ಹೋಟೆಲುಗಳ ಮೇಲೆ ದಾಳಿ ಆಯ್ತು.

24 ವರ್ಷ ಒಂದು ಊರಿಗೆ ಅನ್ನ ಬಡಿಸಿದ್ರೂ ಸಾಕಾಗಲಿಲ್ಲ. ಎಷ್ಟು ವರ್ಷ ಬಡಿಸಿದ್ರೆ ಆ ಊರಿನವರಾಗುವುದು?

(4/5)
ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ, ಮೊನ್ನೆ ನಮ್ಮ ಕ್ಲಾಸ್ ಗ್ರೂಪಿನಲ್ಲಿ ಮಾಟುಂಗಾದ ರೀಲ್ ಬಂತು, "ನಮ್ಮ ಊರಿನವರ ತಾಕತ್ತು" ಅಂತ. 40 ಹಾರ್ಟ್. ಅದೇ ಸಂಜೆ ಕಾಲೇಜಿನ ಹತ್ತಿರದ ಕ್ಯಾಂಟೀನಿನಲ್ಲಿ ಚಾ ಕೊಡುವ ಅಸ್ಸಾಮಿನ ಹುಡುಗನ ಫೋಟೋ ಬಂತು, ಅವನಿಗೆ ಗೊತ್ತಿಲ್ಲದ ಹಾಗೆ ತೆಗೆದದ್ದು. "ಬಾಂಗ್ಲಾದವನೇ ಇರ್ಬೇಕು, ನಮ್ಮವರ ಕೆಲಸ ತಿಂತಾರೆ, ವಾಪಸ್ ಹೋಗ್ಲಿ." ಅದಕ್ಕೂ ಹಾರ್ಟ್. ಹೆಚ್ಚುಕಮ್ಮಿ ಅದೇ ಜನ.

ನಮ್ಮವರ ಕೆಲಸ? ನಮ್ಮ ಕ್ಲಾಸಿನಲ್ಲಿ ಯಾರು ಬೆಳಿಗ್ಗೆ ಐದಕ್ಕೆ ಎದ್ದು ಲೋಟ ತೊಳೆಯುವ ಕೆಲಸ ಕೇಳಿಕೊಂಡು ಹೋಗಿ ಸಿಗದೆ ವಾಪಸ್ ಬಂದದ್ದು? ಹೆಸರು ಹೇಳಿ, ಪೋಸ್ಟ್ ತೆಗೀತೇನೆ. ನಾವೆಲ್ಲ ಬೆಂಗಳೂರು, ದುಬೈ, ಕೆನಡಾ ಅಂತ ಅರ್ಜಿ ತುಂಬಿಸ್ತಾ ಇದ್ದೇವೆ. ನಾವು ಹೋದ್ರೆ ಅದು ಕೆರಿಯರ್, ಅವನು ಬಂದ್ರೆ ಅದು ನುಸುಳುವುದು.

"ನಮ್ಮವರು ಅಲ್ಲಿ ಹೋಗಿ ಮರಾಠಿ ಕಲಿತರು, ಇವನು ಕನ್ನಡ ಕಲೀಲಿ" ಅಂತ ಒಬ್ಬ ಕೇಳಿದ್ದಾನೆ. ನ್ಯಾಯವಾದ ಮಾತು. ಕಲೀಲೇಬೇಕು, ನನ್ನದೂ ಅದೇ ವಾದ. ಆದ್ರೆ ನಮ್ಮವರು ಕಲಿತದ್ದು ಹೇಗೆ? ಗಿರಾಕಿ ಮರಾಠಿಯಲ್ಲಿ ಮಾತಾಡಿದ, ಇವರು ಕೇಳಿ ಕೇಳಿ ಕಲಿತರು. ಇಲ್ಲಿ ಏನು ನಡೀತದೆ ನೋಡಿ. ಆ ಹುಡುಗ ಬಾಯಿ ಬಿಡುವ ಮೊದಲೇ ನಮ್ಮ ಹುಡುಗರು "ಭಯ್ಯಾ, ದೋ ಚಾಯ್" ಅಂತಾರೆ. ಹಿಂದಿ ಶುರು ಮಾಡಿದ್ದು ಇವರು, ಕನ್ನಡ ಬರುವುದಿಲ್ಲ ಅಂತ ಫೋಟೋ ಹಾಕುವುದೂ ಇವರು! "ಎರಡು ಚಾ, ಸಕ್ಕರೆ ಕಮ್ಮಿ" ಅನ್ನಲಿಕ್ಕೆ ಎಷ್ಟು ಹೊತ್ತು ಬೇಕು?

(5/5)
"ಜೋಕ್ ಅಷ್ಟೇ, ಸೀರಿಯಸ್ ಆಗ್ಬೇಡ" ಅನ್ನುವವರಿಗೆ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಏನಾಯ್ತು ಅಂತ ಹುಡುಕಿ ಓದಿ. ಈಶಾನ್ಯದವರ ಮೇಲೆ ಹಲ್ಲೆ ಆಗ್ತದೆ ಅಂತ ಮೆಸೇಜುಗಳು ಹರಿದಾಡಿದವು. ಕೆಲವೇ ದಿನದಲ್ಲಿ ಸಾವಿರಾರು ಜನ, ಸೆಕ್ಯೂರಿಟಿ ಗಾರ್ಡುಗಳು, ಹೋಟೆಲಿನವರು, ನಮ್ಮ ಹಾಗೇ ಓದುವವರು, ಬ್ಯಾಗ್ ಹಿಡಿದು ಸ್ಟೇಷನ್ನಿಗೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯ್ತು. ಒಟ್ಟಿಗೆ ಎಷ್ಟು ಎಸ್ಸೆಮ್ಮೆಸ್ ಕಳಿಸಬಹುದು ಅಂತ ಸರ್ಕಾರ ಮಿತಿ ಹಾಕಬೇಕಾಯ್ತು. ಆಗ ವಾಟ್ಸಾಪ್ ಇಷ್ಟು ಇರಲಿಲ್ಲ. ಈಗ ಫೋಟೋ ಸಮೇತ ಹೋಗ್ತದೆ, ಹುಡುಗನ ಮುಖ, ಅವನು ಕೆಲಸ ಮಾಡುವ ಜಾಗ, ಎಲ್ಲ.

2020ರ ಮೇ ತಿಂಗಳಲ್ಲಿ ಉಲ್ಟಾ. ಲಾಕ್‌ಡೌನಿನಲ್ಲಿ ಊರಿಗೆ ಹೋಗಬೇಕು ಅಂತ ಕಾರ್ಮಿಕರು ಅಳ್ತಿದ್ರೆ, ಬಿಲ್ಡರುಗಳ ಜೊತೆ ಮೀಟಿಂಗ್ ಆದ ಮೇಲೆ ನಮ್ಮ ರಾಜ್ಯ ಸರ್ಕಾರ ಅವರ ರೈಲು ರದ್ದು ಮಾಡಿತು. ಬೈಗುಳ ಬಿದ್ದ ಮೇಲೆ ಪುನಃ ಬಿಟ್ಟರು. ಬೇಡ ಅಂದಾಗ ಓಡಿಸುವುದು, ಬೇಕು ಅಂದಾಗ ಹಿಡಿದಿಡುವುದು. ಸಂವಿಧಾನದ 19ನೇ ವಿಧಿ ದೇಶದಲ್ಲಿ ಎಲ್ಲಿ ಬೇಕಾದ್ರೂ ಹೋಗಿ ನೆಲೆಸುವ ಹಕ್ಕು ಕೊಟ್ಟದ್ದು ಮಾಟುಂಗಾದ ನಮ್ಮವರಿಗೆ ಮಾತ್ರ ಅಲ್ಲ.

ಫೋಟೋ ಹಾಕಿದವನಿಗೆ: ನಿನ್ನ ಹೆಸರು ನಾನು ಇಲ್ಲಿ ಹಾಕಿಲ್ಲ, ನೀನು ಅವನಿಗೆ ಆ ಮರ್ಯಾದೆ ಕೊಡಲಿಲ್ಲ. ತೆಗಿ ಅದನ್ನು. ಗ್ರೂಪಿನಿಂದ ಹೊರಗೆ ಕಳಿಸಿದ್ರೆ ಅಲ್ಲಿಂದಲೂ ತೆಗಿಸು.

ಉಳಿದವರಿಗೆ: ಮುಂದಿನ ಭಾಗ ಮುಂಬಯಿಯ ರಾತ್ರಿಶಾಲೆಗಳ ಬಗ್ಗೆ. ನಿಮ್ಮ ಅಜ್ಜನೋ ಮಾವನೋ ಹೋಟೆಲ್ ಕೆಲಸ ಮಾಡ್ತಾ ಅಲ್ಲಿ ಓದಿದ್ರೆ, ಹಳೇ ಫೋಟೋ, ಮನಿಯಾರ್ಡರ್ ಚೀಟಿ, ಮಾರ್ಕ್ಸ್ ಕಾರ್ಡ್ ಏನಿದ್ರೂ ಡಿಎಂ ಮಾಡಿ. ಅವರನ್ನು ಕೇಳಿಯೇ ಕಳಿಸಿ.