ತಾಯಿ-ಮಗು: ಏಳು ತಿಂಗಳ ಕೂಸಿನ ಉಸಿರು



ವಿಜಯಪುರ-ಸೊಲ್ಲಾಪುರ ರಸ್ತೆಯ ಝಳಕಿಯಿಂದ ಒಬ್ಬ ಅತ್ತೆಯವರು ಕಾಗದ ಬರೆದಿದ್ದಾರೆ. ಸೊಸೆಗೆ ಕುಬುಸ ಮಾಡಿ ಎಂಟು ದಿನ ಕಳೆದಿರಲಿಲ್ಲ, ಹೆರಿಗೆಯಾಯಿತಂತೆ. ಕೂಸು ನರಳುತ್ತ, ಎದೆಗೂಡು ಒಳಕ್ಕೆ ಎಳೆದುಕೊಳ್ಳುತ್ತ ಎರಡು ದಿನ ಉಸಿರಾಡಿ ಹೋಗಿಬಿಟ್ಟಿತು. "ತುಂಬಿದ ಕೊಡ ಎತ್ತಬ್ಯಾಡ ಅಂದ್ರೂ ಕೇಳಲಿಲ್ಲ, ಅದಕ್ಕ ಹಿಂಗಾತು ಅಂತ ನಾನೇ ಅಂದುಬಿಟ್ಟೆ. ಈಗ ಮತ್ತ ಮೂರು ತಿಂಗಳು. ಏಳರಾಗ ಹುಟ್ಟಿದ್ದು ಉಳೀತದ, ಎಂಟರಾಗ ಹುಟ್ಟಿದ್ದು ಉಳಿಯೂದಿಲ್ಲ ಅಂತಾರ. ನಮ್ಮದು ಏಳರಾಗೇ ಹುಟ್ಟಿ ಯಾಕ ಉಳೀಲಿಲ್ಲ?" ಎಂದು ಕೇಳಿದ್ದಾರೆ.

ಅಮ್ಮಾ, ಕೊಡ ಎತ್ತಿದ್ದರಿಂದ ಕೂಸಿನ ಶ್ವಾಸಕೋಶ ಕೆಡುವುದಿಲ್ಲ. ನೀವು ಬರೆದ ಲಕ್ಷಣ ನೋಡಿದರೆ ಅದು ಕೆಟ್ಟದ್ದಲ್ಲ, ಇನ್ನೂ ಮುಗಿದಿರಲಿಲ್ಲ. ಏಕೆಂದು ಹೇಳುತ್ತೇನೆ.

ನಿಮ್ಮ ಇಂಡಿ ಸೀಮೆಯ ನಿಂಬೆಗಿಡವನ್ನು ತಲೆಕೆಳಗಾಗಿ ನೆನೆಸಿಕೊಳ್ಳಿ. ಕಾಂಡವೇ ಶ್ವಾಸನಾಳ, ಕೊಂಬೆಗಳೇ ಗಾಳಿ ಹೋಗುವ ಕೊಳವೆಗಳು, ಎಲೆಗಳೇ ಗಾಳಿಚೀಲಗಳು. ಗರ್ಭ ಕಟ್ಟಿದ ನಾಲ್ಕನೆಯ ವಾರದಲ್ಲಿ ಅನ್ನನಾಳದ ಗೋಡೆಯಿಂದ ಒಂದು ಸಣ್ಣ ಮೊಗ್ಗು ಹೊರಡುತ್ತದೆ. ಯಾವ ಜಾಗದಿಂದ ಹೊರಡಬೇಕೆಂದು ಗುರುತು ಹಾಕುವುದು ಎನ್‌ಕೆಎಕ್ಸ್2-1 ಎಂಬ ಒಂದು ವಂಶವಾಹಿ, ಅಂದರೆ ಜೀನ್. ಮೊಗ್ಗನ್ನು ಮುಂದಕ್ಕೆ ಕರೆಯುವುದು ಎಫ್‌ಜಿಎಫ್-10 ಎಂಬ ಇನ್ನೊಂದು. ಸುತ್ತಲಿನ ಮೆದು ಅಂಗಾಂಶದಲ್ಲಿ ಈ ಜೀನ್ ಎಲ್ಲಿ ಎಚ್ಚರವಾಗಿರುತ್ತದೆಯೋ ಅತ್ತ ಚಿಗುರು ಬೆಳೆಯುತ್ತದೆ, ಕವಲೊಡೆಯುತ್ತದೆ. ಈ ಒಂದು ಜೀನನ್ನು ತೆಗೆದ ಇಲಿಮರಿಗಳಿಗೆ ಶ್ವಾಸನಾಳ ಬಂತು, ಅದರ ಕೆಳಗೆ ಶ್ವಾಸಕೋಶವೇ ಬರಲಿಲ್ಲ. ಹುಟ್ಟಿದೊಡನೆ ಸತ್ತವು. ಹಣ್ಣಿನ ನೊಣದಲ್ಲೂ ಇದೇ ಕೆಲಸ ಮಾಡುವ ಜೀನ್‌ಗಳಿವೆ. ವಿಜ್ಞಾನಿಗಳು ಒಂದಕ್ಕೆ "ಕವಲಿಲ್ಲದ್ದು", ಇನ್ನೊಂದಕ್ಕೆ "ಉಸಿರಿಲ್ಲದ್ದು" ಎಂಬರ್ಥದ ಹೆಸರಿಟ್ಟಿದ್ದಾರೆ!

ನಾಲ್ಕು ತಿಂಗಳಾಗುವಷ್ಟರಲ್ಲಿ ಕೊಂಬೆಗಳೆಲ್ಲ ಮೂಡುತ್ತವೆ. ಎಲೆಯ ಕೆಲಸ ತಡ. ಅದಕ್ಕಿಂತ ಮುಖ್ಯವಾದ ಇನ್ನೊಂದಿದೆ. ಒದ್ದೆ ಪ್ಲಾಸ್ಟಿಕ್ ಚೀಲದ ಎರಡು ಮೈ ಅಂಟಿಕೊಂಡರೆ ಬಿಡಿಸುವುದು ಎಷ್ಟು ಕಷ್ಟ! ಗಾಳಿಚೀಲಗಳೂ ಹಾಗೆ ಅಂಟಬಾರದೆಂದು ಒಳಗೆ ಸೋಪಿನ ನೊರೆಯಂಥ ಒಂದು ಲೇಪ ಬೇಕು. ಸರ್ಫ್ಯಾಕ್ಟಂಟ್ ಎಂದು ಅದರ ಹೆಸರು. ಅದನ್ನು ತಯಾರಿಸುವ ಜೀನ್‌ಗಳು ಸುಮಾರು 24ನೆಯ ವಾರಕ್ಕೆ ನಿಧಾನವಾಗಿ ಕೆಲಸ ಆರಂಭಿಸುತ್ತವೆ. ಸಾಕಷ್ಟು ಲೇಪ ಕೂಡುವಾಗ 35 ವಾರ ಆಗಿರುತ್ತದೆ. ಆದ್ದರಿಂದ "ಏಳು ಉಳೀತದ, ಎಂಟು ಉಳಿಯೂದಿಲ್ಲ" ಎಂಬ ಮಾತು ತಿರುಗುಮುರುಗು. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಕೂಸಿಗೆ ಲಾಭವೇ.

ಈ ಲೇಪದ ಕೊರತೆಯಿಂದಲೇ ಕೂಸುಗಳು ಹೀಗೆ ಸಾಯುತ್ತವೆಂದು ಅಮೆರಿಕದ ವೈದ್ಯೆ ಮೇರಿ ಎಲೆನ್ ಏವರಿ 1959ರಲ್ಲಿ ತೋರಿಸಿಕೊಟ್ಟರು. ಆದರೂ 1963ರಲ್ಲಿ ಅಧ್ಯಕ್ಷ ಕೆನೆಡಿಯವರ ಗಂಡುಮಗು ಐದೂವರೆ ವಾರ ಮೊದಲೇ ಹುಟ್ಟಿ, 39 ಗಂಟೆಗಳಲ್ಲಿ ತೀರಿಕೊಂಡಿತು. ಅವರ ಮನೆಯಲ್ಲಿ ಯಾರೂ ಕೊಡ ಎತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಕುರಿಗಳಿಂದ. ನ್ಯೂಜಿಲೆಂಡಿನ ವೈದ್ಯ ಲಿಗಿನ್ಸ್ ಗಬ್ಬದ ಕುರಿಗಳ ಮೇಲೆ ಸ್ಟೀರಾಯ್ಡ್ ಔಷಧಿ ಪ್ರಯೋಗಿಸುವಾಗ, ಉಸಿರಾಡಲಾರದಷ್ಟು ಮುಂಚೆ ಹುಟ್ಟಿದ ಮರಿ ಉಸಿರಾಡುತ್ತಿತ್ತು. 1972ರಲ್ಲಿ ಅವರೂ ಹೋವಿ ಎಂಬುವರೂ ಗರ್ಭಿಣಿಯರಲ್ಲಿ ಇದನ್ನು ಸಾಬೀತು ಮಾಡಿದರು. ಔಷಧಿ ತಾಯಿಯಿಂದ ಕೂಸಿಗೆ ದಾಟಿ, ಶ್ವಾಸಕೋಶದ ಜೀವಕೋಶಗಳೊಳಗೆ ಹೋಗಿ, ಆ ಲೇಪದ ಜೀನ್‌ಗಳನ್ನು ಬೇಗ ಎಬ್ಬಿಸುತ್ತದೆ. ವಾರಗಳ ಕೆಲಸ ಒಂದೆರಡು ದಿನಗಳಲ್ಲಿ ಮುಂದಕ್ಕೆ ಸಾಗುತ್ತದೆ.

ಹಾಗಂತ ಈ ಇಂಜೆಕ್ಷನ್ ಎಲ್ಲೆಂದರಲ್ಲಿ ಹಾಕಿಸುವಂಥದಲ್ಲ. ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು ಪಾಲ್ಗೊಂಡ ಎರಡು ಅಧ್ಯಯನಗಳು ಇದನ್ನು ಕಲಿಸಿದವು. ಆರು ದೇಶಗಳ ಹಳ್ಳಿ-ಪಟ್ಟಣಗಳಲ್ಲಿ ಎಲ್ಲ ಹಂತದಲ್ಲೂ ಇದನ್ನು ಕೊಟ್ಟು ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಶಿಶುಮರಣ ಇಳಿಯುವ ಬದಲು ಏರಿತ್ತು. ಮುಂದೆ ದಿನ ತುಂಬಿಲ್ಲವೆಂದು ಖಚಿತಪಡಿಸಿಕೊಂಡು, ಕೂಸಿನ ಆರೈಕೆ ಇರುವ ಆಸ್ಪತ್ರೆಗಳಲ್ಲೇ ಕೊಟ್ಟಾಗ 100ಕ್ಕೆ ಸುಮಾರು 24 ಇದ್ದ ಸಾವು 20ಕ್ಕೆ ಇಳಿಯಿತು. ಇದು ಪ್ರಕಟವಾದದ್ದು 2020ರಲ್ಲಿ. ಔಷಧಿ ಒಂದೇ, ಸ್ಥಳ-ಸಮಯ ಬೇರೆ.

ಈ ಸಲ ನೀವು ಮಾಡಬೇಕಾದ್ದು ಇಷ್ಟು:

1. ಕೊನೆಯ ಮುಟ್ಟಿನ ತಾರೀಖು ತಾಯಿ ಕಾರ್ಡಿನಲ್ಲಿ ಸರಿಯಾಗಿ ಬರೆಸಿ. ಮೊದಲ ಸ್ಕ್ಯಾನಿಂಗ್ ಈಗಲೇ ಆಗಲಿ. ವಾರದ ಲೆಕ್ಕ ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ.

2. ಹಿಂದಿನ ಹೆರಿಗೆಯ ಸಂಗತಿ ಮುಚ್ಚಿಡದೆ ಹೇಳಿ. ಒಮ್ಮೆ ಹೀಗಾದವರಿಗೆ ಮತ್ತೆ ಆಗುವ ಸಂಭವ ಹೆಚ್ಚು.

3. ಮಿಶ್ರಿ ತಿಕ್ಕುವುದು, ತಂಬಾಕು ಅಗಿಯುವುದು ಬೇಡವೇ ಬೇಡ. ಮನೆಯ ಗಂಡಸರು ಬೀಡಿ ಸೇದುವುದಿದ್ದರೆ ಅಂಗಳಕ್ಕೆ ಹೋಗಲಿ.

4. 37 ವಾರಕ್ಕೆ ಮುಂಚೆ ಹೊಟ್ಟೆ ಬಿಟ್ಟುಬಿಟ್ಟು ಬಿಗಿಯುವುದು, ಸೊಂಟನೋವು, ನೀರು ಸೋರುವುದು, ರಕ್ತ ಕಾಣುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಕಷಾಯ ಕುಡಿಸುತ್ತ, ಬೆಳಗಾಗಲಿ ಅನ್ನುತ್ತ ಕೂಡಬೇಡಿ. 108ಕ್ಕೆ ಫೋನ್ ಮಾಡಿ. ಇಂಜೆಕ್ಷನ್ ಕೆಲಸ ಮಾಡಲು ಸುಮಾರು ಒಂದು ದಿನವಾದರೂ ಬೇಕು, ಹೀಗಾಗಿ ಒಂದೊಂದು ತಾಸೂ ಬೆಲೆಯುಳ್ಳದ್ದು.

5. ನವಜಾತ ಶಿಶು ಘಟಕ ಹತ್ತಿರದಲ್ಲಿ ಎಲ್ಲಿದೆಯೆಂದು ಆಶಾ ಕಾರ್ಯಕರ್ತೆಯನ್ನು ಈಗಲೇ ಕೇಳಿಟ್ಟುಕೊಳ್ಳಿ. ತವರಿಗೆ ಕಳಿಸುವುದಿದ್ದರೆ ಅಲ್ಲಿನದನ್ನೂ ವಿಚಾರಿಸಿ. ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ.

ಕೊನೆಯದಾಗಿ ಒಂದು ಮಾತು. ದಿನ ತುಂಬುವ ಮೊದಲೇ ನೋವು ಏಕೆ ಬರುತ್ತದೆಂಬುದು ಅನೇಕ ಸಲ ವೈದ್ಯರಿಗೇ ತಿಳಿಯುವುದಿಲ್ಲ, ಇನ್ನು ಸೊಸೆಗೆ ಹೇಗೆ ತಿಳಿದೀತು? ಬರೆಯುವಾಗ ನಿಮ್ಮ ಮನಸ್ಸು ಎಷ್ಟು ನೊಂದಿತ್ತೆಂದು ಕಾಗದದಲ್ಲೇ ಕಾಣುತ್ತದೆ. ಇಂದು ಸಂಜೆ ಅವಳನ್ನು ಹತ್ತಿರ ಕೂಡಿಸಿಕೊಂಡು, "ಅವತ್ತು ನಾ ಅಂದದ್ದು ತಪ್ಪಾತವ್ವಾ" ಎಂದು ಹೇಳಿಬಿಡಿ. ನೋವು ಕಾಣಿಸಿಕೊಂಡಾಗ ಬೈಗುಳಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿರುವ ಸೊಸೆಗಿಂತ, ಕೂಡಲೇ ಅತ್ತೆಯನ್ನು ಕರೆಯುವ ಸೊಸೆಯ ಕೂಸು ಬೇಗ ಆಸ್ಪತ್ರೆ ಸೇರುತ್ತದೆ.